ಬರ ಮುಗಿದರೂ ಹಳ್ಳ ಏಕೆ ತುಂಬಿ ಹರಿಯುವುದಿಲ್ಲ?

ಬರಗಾಲದ ಮರುವರ್ಷ ಮಳೆ ಚೆನ್ನಾಗಿ ಬಂದಾಗ ನಮ್ಮ ಭಾಗದ ಊರುಗಳಲ್ಲಿ ಒಂದು ಪ್ರಶ್ನೆ ಏಳುತ್ತದೆ. ಹೊಲ ಹಸಿರಾಗಿದೆ, ಬದುವಿನ ಹುಲ್ಲು ಮೊಣಕಾಲಿಗೆ ಬಂದಿದೆ, ಮಳೆಯ ಅಂಕಿ ವಾಡಿಕೆಯನ್ನು ದಾಟಿದೆ. ಆದರೂ ಹಳ್ಳದಲ್ಲಿ ನೀರು ನಿಲ್ಲುತ್ತಿಲ್ಲ. ಮಳೆ ಬಿದ್ದ ರಾತ್ರಿ ಕದಡಿ ಹರಿದು, ಎರಡು ದಿನ ಕಳೆಯುವುದರೊಳಗೆ ತಳ ಕಾಣುತ್ತದೆ. ದೀಪಾವಳಿಯವರೆಗೆ ದನಗಳಿಗೆ ನೀರು ಕೊಡುತ್ತಿದ್ದ ಮಡುವು ದಸರೆಗೇ ಬತ್ತುತ್ತದೆ. ಹೂಳು ತುಂಬಿದೆ, ಮರಳು ಬಗೆದರು, ಮೇಲಿನವರು ಒಡ್ಡು ಹಾಕಿದರು ಎಂದು ಕಾರಣ ಹುಡುಕುತ್ತೇವೆ. ಇವೆಲ್ಲಕ್ಕೂ ಪಾಲಿದೆ. ಆದರೆ ಆಕಾಶಕ್ಕೂ ಹಳ್ಳಕ್ಕೂ ನಡುವೆ ನಿಂತು ಮಳೆಯ ಬಹುಪಾಲನ್ನು ಕುಡಿದುಬಿಡುವ ಗಿಡ, ಮರ, ಹುಲ್ಲು, ಬೆಳೆಗಳ ಮಾತನ್ನು ಯಾರೂ ಎತ್ತುವುದಿಲ್ಲ. ದೀರ್ಘ ಬರದ ಸಮಯದಲ್ಲಿಯೂ ಅದರ ನಂತರವೂ ಹೊಳೆ ಹೇಗೆ ವರ್ತಿಸುತ್ತದೆ ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಈ ಹಸಿರೇ.

ಗದಗ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 600ರಿಂದ 650 ಮಿಲಿಮೀಟರ್ ಮಳೆಯಾಗುತ್ತದೆ. ಇಲ್ಲಿನ ಬಿಸಿಲು, ಗಾಳಿ, ಒಣ ಹವೆ ಸೇರಿ ವರ್ಷಕ್ಕೆ ಅದರ ಎರಡು ಪಟ್ಟಿಗೂ ಹೆಚ್ಚು ನೀರನ್ನು ಆವಿ ಮಾಡಬಲ್ಲವು. ಹಾಗಾಗಿ ಬಿದ್ದ ಮಳೆಯಲ್ಲಿ ಹೆಚ್ಚಿನ ಪಾಲು ಮಣ್ಣಿನಿಂದಲೂ ಎಲೆಗಳಿಂದಲೂ ಗಾಳಿಗೆ ಹಿಂತಿರುಗುತ್ತದೆ. ಎಲೆಯ ಅಡಿಯಲ್ಲಿರುವ ಸೂಕ್ಷ್ಮ ಪತ್ರರಂಧ್ರಗಳ ಮೂಲಕ ಸಸ್ಯವು ಗಾಳಿಯನ್ನು ಒಳಗೆಳೆದುಕೊಳ್ಳುವಾಗ ಒಳಗಿನ ನೀರು ಆವಿಯಾಗಿ ಹೊರಬೀಳುತ್ತದೆ. ಇದಕ್ಕೆ ಬಾಷ್ಪವಿಸರ್ಜನೆ ಎಂದು ಹೆಸರು. ಈ ವೆಚ್ಚ ಕಳೆದು ಉಳಿದದ್ದಷ್ಟೇ ಅಂತರ್ಜಲಕ್ಕೂ ಹೊಳೆಗೂ ಸಿಗುವ ನೀರು.

ಬರ ಬಂದಾಗ ಆಗುವ ಹಾನಿಯನ್ನು ಒಂದು ಕಾಲ್ಪನಿಕ ಲೆಕ್ಕದಿಂದ ನೋಡೋಣ. ಒಂದು ಕಣಿವೆಯಲ್ಲಿ 700 ಮಿ.ಮೀ. ಮಳೆಯಾಗುತ್ತದೆ, ಅದರಲ್ಲಿ 600 ಮಿ.ಮೀ. ಆವಿಯಾಗಿ ಹೋಗುತ್ತದೆ, 100 ಮಿ.ಮೀ. ಹೊಳೆಗೆ ಸೇರುತ್ತದೆ ಎಂದಿಟ್ಟುಕೊಳ್ಳಿ. ಮುಂದಿನ ವರ್ಷ ಮಳೆ 100 ಮಿ.ಮೀ. ಕಡಿಮೆಯಾಯಿತು. ಗಿಡಗಳು ತಮ್ಮ ಬಳಕೆಯನ್ನು ಸ್ವಲ್ಪ ಬಿಗಿಹಿಡಿದು 560ಕ್ಕೆ ಇಳಿಸಿದವು. ಹೊಳೆಗೆ ಉಳಿದದ್ದು 40. ಮಳೆ ಕಡಿಮೆಯಾದದ್ದು ಏಳರಲ್ಲಿ ಒಂದು ಪಾಲು, ಹೊಳೆ ಕಳೆದುಕೊಂಡದ್ದು ಅರ್ಧಕ್ಕಿಂತ ಹೆಚ್ಚು. ಹವಾಮಾನ ವರದಿಯಲ್ಲಿ ‘ಶೇ 15 ಕೊರತೆ’ ಎಂದು ಓದಿದಾಗ ಅದು ಸಣ್ಣದೆನಿಸುತ್ತದೆ. ಹಳ್ಳದ ದಡದಲ್ಲಿ ನಿಂತವರಿಗೆ ಹಾಗೆ ಕಾಣುವುದಿಲ್ಲ. ಇಬ್ಬರೂ ಸರಿಯಾದುದನ್ನೇ ಹೇಳುತ್ತಿರುತ್ತಾರೆ.

ಬರದ ಒಳಗೆ ಏನು ನಡೆಯುತ್ತದೆ

ಎಲ್ಲ ಸಸ್ಯಗಳೂ ಬರವನ್ನು ಒಂದೇ ರೀತಿ ಎದುರಿಸುವುದಿಲ್ಲ, ಹೊಳೆಯ ಮಟ್ಟಿಗೆ ಈ ವ್ಯತ್ಯಾಸವೇ ಮುಖ್ಯವಾದದ್ದು. ಹುಲ್ಲಿನ ಬೇರು ಬಹುಮಟ್ಟಿಗೆ ಮೇಲ್ಮಣ್ಣಿನಲ್ಲಿರುತ್ತದೆ. ಮೇಲಿನ ತೇವ ಆರಿದ ಕೂಡಲೇ ಅದು ಒಣಗಿ, ನೀರು ಬಳಸುವುದನ್ನು ನಿಲ್ಲಿಸುತ್ತದೆ. ಕಲಘಟಗಿ, ಅಳ್ನಾವರ ಕಡೆಯ ಕಾಡಿನ ಸಾಗುವಾನಿ ಎಲೆ ಉದುರಿಸಿ ಬೇಸಿಗೆಯನ್ನು ಕಳೆಯುತ್ತದೆ. ಬರದ ವರ್ಷದಲ್ಲಿ ಎಲೆ ಬೇಗನೆ ಉದುರುತ್ತದೆ, ಕಾಡಿನ ನೀರಿನ ಖರ್ಚೂ ಅಷ್ಟು ಬೇಗ ಇಳಿಯುತ್ತದೆ. ನೀಲಗಿರಿ ಹಾಗಲ್ಲ, ವರ್ಷವಿಡೀ ಎಲೆ ಹೊತ್ತು ನಿಲ್ಲುತ್ತದೆ. ಹಳ್ಳದ ದಂಡೆಗಳಲ್ಲಿಯೂ ಕೆರೆಯಂಗಳಗಳಲ್ಲಿಯೂ ಹಬ್ಬಿರುವ ಬಳ್ಳಾರಿ ಜಾಲಿ ಏಪ್ರಿಲ್ ತಿಂಗಳಲ್ಲೂ ಹಸಿರಾಗಿರುತ್ತದೆ. ಸುತ್ತಲಿನ ಹೊಲವೆಲ್ಲ ಬೂದು ಬಣ್ಣಕ್ಕೆ ತಿರುಗಿರುವಾಗ ಅದರ ಎಲೆ ಮಾತ್ರ ಹಸಿರಾಗಿದೆ ಎಂದರೆ, ಆಳದಿಂದ ನೀರು ಮೇಲೆ ಬರುತ್ತಿದೆ ಎಂದೇ ಅರ್ಥ.

ಬರದಲ್ಲಿ ಮೋಡ ಕಡಿಮೆ, ಬಿಸಿಲು ಹೆಚ್ಚು, ಗಾಳಿ ಒಣಗಿರುತ್ತದೆ. ಒಣಗಾಳಿ ಎಲೆಯಿಂದ ನೀರನ್ನು ಹೆಚ್ಚು ಬಲವಾಗಿ ಎಳೆಯುತ್ತದೆ. ಬೇರಿಗೆ ನೀರು ಎಟಕುವವರೆಗೆ ಮರ ಕುಡಿಯುತ್ತಲೇ ಇರುತ್ತದೆ. ಎಟಕದೇ ಹೋದಾಗ ಪತ್ರರಂಧ್ರ ಮುಚ್ಚುತ್ತದೆ, ಇಲ್ಲವೇ ಬೇರು ಇನ್ನೂ ಕೆಳಗೆ ಇಳಿಯುತ್ತದೆ. ಒಟ್ಟು ಬಳಕೆ ತುಸು ಇಳಿದರೂ, ಬಿದ್ದ ಮಳೆಯಲ್ಲಿ ಸಸ್ಯಗಳ ಪಾಲು ಏರುತ್ತದೆ.

ನೀಲಗಿರಿಯ ಬೇರಿನ ಬಗ್ಗೆ ನಮ್ಮ ರಾಜ್ಯದಲ್ಲಿಯೇ ಎಚ್ಚರಿಕೆಯಿಂದ ಅಳೆದ ಲೆಕ್ಕವಿದೆ. ಬ್ರಿಟನ್ನಿನ ಜಲವಿಜ್ಞಾನಿ ಇಯಾನ್ ಕಾಲ್ಡರ್ ಅವರೂ ಕರ್ನಾಟಕದ ಅರಣ್ಯ ಸಂಶೋಧಕರೂ ಕೂಡಿ ಶಿವಮೊಗ್ಗ ಕಡೆಯಲ್ಲಿಯೂ ಬೆಂಗಳೂರಿನ ಹತ್ತಿರದ ಹೊಸಕೋಟೆಯಲ್ಲಿಯೂ ನೆಡುತೋಪುಗಳ ನೀರಿನ ಬಳಕೆಯನ್ನು ಅಳೆದರು. ಹೊಸಕೋಟೆಯ ಆಳವಾದ ಮಣ್ಣಿನಲ್ಲಿ ಮೂರು ವರ್ಷಗಳಲ್ಲಿ ಬಿದ್ದ ಮಳೆ ಸುಮಾರು 2100 ಮಿ.ಮೀ., ನೀಲಗಿರಿ ತೋಪು ಬಳಸಿದ ನೀರು ಸುಮಾರು 3400 ಮಿ.ಮೀ. ಮಳೆಗಿಂತ ಹೆಚ್ಚು ನೀರನ್ನು ತಂದದ್ದು ಎಲ್ಲಿಂದ? ಎಳೆಯ ಮರಗಳ ಬೇರು ವರ್ಷಕ್ಕೆ ಎರಡು ಮೀಟರಿಗೂ ಹೆಚ್ಚು ಕೆಳಗಿಳಿದು, ಅಷ್ಟು ಕಾಲ ಯಾರೂ ಮುಟ್ಟದೆ ಉಳಿದಿದ್ದ ಆಳದ ಮಣ್ಣಿನ ತೇವವನ್ನು ಹೀರಿತ್ತು. ಅಲ್ಲಿ ಬೇರು ಅಂತರ್ಜಲಕ್ಕೇ ಬಾಯಿ ಹಾಕಿದ ಕುರುಹು ಸಿಗಲಿಲ್ಲ ಎಂಬುದನ್ನೂ ಜೊತೆಗೇ ಹೇಳಬೇಕು. ಆದರೆ ನಡುವಿನ ಮಣ್ಣು ಎಂಟು ಮೀಟರ್ ಆಳದವರೆಗೆ ಒಣಗಿದ ಮೇಲೆ, ಮುಂದೆ ಬೀಳುವ ಮಳೆ ಆ ಒಣ ಪದರವನ್ನು ತಣಿಸದೆ ಅಂತರ್ಜಲವನ್ನು ಮುಟ್ಟಲಾರದು. 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ಬೆಳೆಸುವುದನ್ನು ನಿಷೇಧಿಸಿತು. ಹಿಂದೆ ನೆಟ್ಟ ತೋಪುಗಳು ಹಲವು ಕಡೆ ಹಾಗೆಯೇ ಇವೆ. ರಾಣೇಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯದ ದೊಡ್ಡ ಭಾಗವೇ ನೀಲಗಿರಿಯಿಂದ ತುಂಬಿತ್ತು. ಜಿಂಕೆ ಮೇಯಬೇಕಾದ ಹುಲ್ಲುಗಾವಲಿಗೆ ಇಂಥ ಮರ ತಂದು ನೆಟ್ಟದ್ದನ್ನು ನೆನೆದರೆ ಇಂದಿಗೂ ಬೇಸರವಾಗುತ್ತದೆ.

ಇತ್ತ ಹಳ್ಳದ ಪಾತ್ರದಲ್ಲಿಯೂ ಒಂದು ಬದಲಾವಣೆ ನಡೆದಿರುತ್ತದೆ. ಒಳ್ಳೆಯ ಕಾಲದಲ್ಲಿ ಅಂತರ್ಜಲದ ಮಟ್ಟ ಹಳ್ಳದ ತಳಕ್ಕಿಂತ ಮೇಲಿರುತ್ತದೆ, ಪಕ್ಕದ ನೆಲದಿಂದ ಒರತೆಯ ನೀರು ಹಳ್ಳಕ್ಕೆ ಜಿನುಗುತ್ತದೆ. ಮಳೆ ನಿಂತು ತಿಂಗಳಾದರೂ ಹರಿಯುವ ತಿಳಿನೀರು ಇದೇ. ಒಂದೇ ವರ್ಷದ ಬರಕ್ಕೆ ಈ ನಂಟು ಸಾಮಾನ್ಯವಾಗಿ ಪೂರ್ತಿ ಕಡಿಯುವುದಿಲ್ಲ. 2001ರಿಂದ 2004ರವರೆಗೆ ಕರ್ನಾಟಕ ಕಂಡಂಥ ಸಾಲು ಬರದಲ್ಲಿ ಅಂತರ್ಜಲ ಹಳ್ಳದ ತಳಕ್ಕಿಂತ ಕೆಳಗೆ ಜಾರುತ್ತದೆ. ಆಮೇಲೆ ಹರಿವಿನ ದಿಕ್ಕೇ ತಿರುಗುತ್ತದೆ, ಬಂದ ನೀರನ್ನು ಹಳ್ಳದ ತಳವೇ ಕುಡಿಯತೊಡಗುತ್ತದೆ.

ಮಳೆ ಮರಳಿದ ಮೇಲೆ

ಹೊಸ ಮಳೆಗೆ ಮೊದಲ ಹಕ್ಕುದಾರ ಮಣ್ಣು. ನವಲಗುಂದ, ನರಗುಂದ, ರೋಣ ತಾಲ್ಲೂಕುಗಳ ಎರೆಭೂಮಿ, ಅಂದರೆ ಕಪ್ಪು ಮಣ್ಣಿನ ನೆಲ, ಬರದಲ್ಲಿ ಕೈ ತೂರುವಷ್ಟು ಬಿರಿಯುತ್ತದೆ. ಮೊದಲ ಮಳೆಗಳು ಆ ಬಿರುಕುಗಳ ಮೂಲಕ ನೇರ ಒಳಗೆ ಇಳಿಯುತ್ತವೆ. ಒಂದು ಮೀಟರ್ ಆಳದ ಎರೆಮಣ್ಣು 150ರಿಂದ 200 ಮಿ.ಮೀ. ಮಳೆಯಷ್ಟು ನೀರನ್ನು ಬೆಳೆಗೆ ಒದಗುವಂತೆ ಹಿಡಿದಿಟ್ಟುಕೊಳ್ಳಬಲ್ಲದು. ಹಿಂಗಾರಿಯ ಕಡಲೆ, ಬಿಳಿಜೋಳ, ಗೋಧಿ ಒಂದು ಹನಿ ನೀರಾವರಿಯಿಲ್ಲದೆ ಬರುವುದು ಈ ಗುಣದಿಂದಲೇ. ರೈತರಿಗೆ ಇದು ವರ, ಹೊಳೆಯ ಲೆಕ್ಕದಲ್ಲಿ ದೊಡ್ಡ ಖರ್ಚು. ಖಾಲಿಯಾದ ಮಣ್ಣು ತುಂಬುವುದಕ್ಕೇ ಮುಂಗಾರಿನ ಮೂರನೇ ಒಂದು ಪಾಲು ಬೇಕಾಗಬಹುದು.

ಎರಡನೆಯ ಹಕ್ಕುದಾರ ಹಸಿರು. ಇದು ಹೊಳೆಗಿಂತ ಬಹಳ ಬೇಗ ಚೇತರಿಸಿಕೊಳ್ಳುತ್ತದೆ. ಹುಲ್ಲಿಗೆ ಎರಡು ವಾರ ಸಾಕು. ಕಪ್ಪತಗುಡ್ಡವನ್ನು ಮೇ ತಿಂಗಳಲ್ಲಿ ನೋಡಿದವರು ಆಗಸ್ಟ್‌ನಲ್ಲಿ ನೋಡಿದರೆ ಅದೇ ಗುಡ್ಡವೇ ಎಂದು ಕೇಳುತ್ತಾರೆ. ಬರದಲ್ಲಿ ಎಲೆ ಕಳೆದುಕೊಂಡ ಗಿಡ ಹೊಸ ಎಲೆ ತೊಡುತ್ತದೆ, ಸತ್ತ ಗಿಡಗಳ ಜಾಗದಲ್ಲಿ ಸಸಿಗಳು ಒತ್ತಾಗಿ ಏಳುತ್ತವೆ. ಬರದಲ್ಲಿ ಆಳಕ್ಕೆ ಇಳಿದ ಬೇರುಗಳು ಮಳೆ ಬಂತೆಂದು ಹಿಂದಕ್ಕೆ ಬರುವುದಿಲ್ಲ. ಅವು ಅಲ್ಲಿಯೇ ಇದ್ದು, ಕೆಳಗಿಳಿದು ಅಂತರ್ಜಲವಾಗಬೇಕಿದ್ದ ನೀರನ್ನು ದಾರಿಯಲ್ಲೇ ತಡೆಯುತ್ತವೆ. ಉಪಗ್ರಹ ಚಿತ್ರದಲ್ಲಿ ಹಸಿರು ಕಂಡು ‘ಬರ ಮುಗಿಯಿತು’ ಎಂದು ಘೋಷಿಸುವ ಹೊತ್ತಿಗೆ ಅಂತರ್ಜಲ ಇನ್ನೂ ಬರದಲ್ಲಿಯೇ ಇರುತ್ತದೆ.

ಇದು ಎಷ್ಟು ವರ್ಷ ಎಳೆಯಬಹುದು ಎಂಬುದಕ್ಕೆ ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ಅನುಭವ ಕಣ್ಣು ತೆರೆಸುವಂಥದ್ದು. ಅಲ್ಲಿ 1997ರಿಂದ 2009ರವರೆಗೆ ದೀರ್ಘ ಬರವಿತ್ತು. 2010ರಿಂದ ಮಳೆ ಮರಳಿತು. ಹೊಳೆಗಳೂ ಮರಳಬೇಕಿತ್ತು. ಅಲ್ಲಿನ ಸಂಶೋಧಕರು 161 ಜಲಾನಯನ ಪ್ರದೇಶಗಳ ದಾಖಲೆಗಳನ್ನು ಪರಿಶೀಲಿಸಿ 2021ರಲ್ಲಿ ಪ್ರಕಟಿಸಿದ ಫಲಿತಾಂಶದ ಪ್ರಕಾರ, ಬರ ಮುಗಿದು ಏಳು ವರ್ಷವಾದರೂ ಸುಮಾರು ಮೂರನೇ ಒಂದರಷ್ಟು ಹೊಳೆಗಳು ಚೇತರಿಸಿಕೊಂಡಿರಲಿಲ್ಲ. ಮೊದಲಿನಷ್ಟೇ ಮಳೆ ಬಿದ್ದರೂ ಮೊದಲಿಗಿಂತ ಕಡಿಮೆ ನೀರು ಹರಿಯುತ್ತಿತ್ತು, ಸದ್ಯಕ್ಕೆ ಸರಿಹೋಗುವ ಲಕ್ಷಣವೂ ಹಲವು ಕಡೆ ಇರಲಿಲ್ಲ. ಬಿದ್ದ ಮಳೆಯಲ್ಲಿ ಹೆಚ್ಚಿನ ಪಾಲನ್ನು ಸಸ್ಯಗಳು ಆವಿಯಾಗಿಸುತ್ತಿರುವುದೇ ಸಂಭವನೀಯ ಕಾರಣ ಎಂದು ಅವರು ಗುರುತಿಸಿದರು. ಹೊಳೆ ತಾನಾಗಿ ಹಳೆಯ ಸ್ಥಿತಿಗೆ ಬಂದೇ ಬರುತ್ತದೆ ಎಂಬ ನಂಬಿಕೆಯ ಮೇಲೆ ಜಲಾಶಯ, ನಾಲೆ, ಕುಡಿಯುವ ನೀರಿನ ಯೋಜನೆಗಳನ್ನೆಲ್ಲ ಕಟ್ಟಿದ್ದೇವೆ. ಆ ನಂಬಿಕೆಯನ್ನೇ ಈ ಅಧ್ಯಯನ ಅಲ್ಲಾಡಿಸಿತು.

ಅದೇ ರಾಜ್ಯದ ಇನ್ನೊಂದು ಪಾಠ ಹಳೆಯದು. 1939ರ ಬೆಂಕಿಯಲ್ಲಿ ಮೆಲ್ಬರ್ನ್ ನಗರಕ್ಕೆ ನೀರುಣಿಸುವ ಬೆಟ್ಟಗಳ ಕಾಡು ಸುಟ್ಟುಹೋಯಿತು. ಸುಟ್ಟ ಜಾಗದಲ್ಲಿ ಎಳೆಯ ಮರಗಳು ಒತ್ತೊತ್ತಾಗಿ ಎದ್ದವು. ಒತ್ತಾಗಿ ಬೆಳೆಯುವ ಎಳೆಯ ಕಾಡಿಗೆ ಬಲಿತ ಕಾಡಿಗಿಂತ ಹೆಚ್ಚು ನೀರು ಬೇಕು. ಇಪ್ಪತ್ತು ಮೂವತ್ತು ವರ್ಷಗಳಲ್ಲಿ ಅಂಥ ಕಣಿವೆಗಳ ಹರಿವು ಸುಮಾರು ಅರ್ಧಕ್ಕೆ ಇಳಿಯಬಹುದೆಂದೂ, ಪೂರ್ತಿ ಸರಿಹೋಗಲು ನೂರು ವರ್ಷಕ್ಕೂ ಹೆಚ್ಚು ಬೇಕೆಂದೂ ಅಲ್ಲಿನ ದಾಖಲೆಗಳ ವಿಶ್ಲೇಷಣೆ ತೋರಿಸಿತು.

ಹಾಗಾದರೆ ಗಿಡವೇ ಬೇಡವೇ?

ಇಲ್ಲಿಯವರೆಗೆ ಓದಿದವರು ಮರಗಳನ್ನು ಹೊಳೆಯ ವೈರಿ ಎಂದುಕೊಳ್ಳಬಾರದು. ಪಶ್ಚಿಮ ಆಫ್ರಿಕಾದ ಸಾಹೇಲ್ ಪ್ರದೇಶದಲ್ಲಿ ಇದಕ್ಕೆ ಪೂರ್ತಿ ವಿರುದ್ಧವಾದದ್ದು ನಡೆಯಿತು. 1970 ಮತ್ತು 80ರ ದಶಕಗಳ ಬರದಲ್ಲಿ ಅಲ್ಲಿ ಮಳೆ ಬಹಳ ಕಡಿಮೆಯಾಯಿತು, ಆದರೆ ಹಲವು ಸಣ್ಣ ಹೊಳೆಗಳ ಹರಿವು ಹೆಚ್ಚಾಯಿತು! ಬರ, ಅತಿ ಮೇಯಿಸುವಿಕೆ, ಉಳುಮೆ ಎಲ್ಲ ಸೇರಿ ನೆಲದ ಹೊದಿಕೆ ಹೋಗಿತ್ತು. ಬರಿಯ ಮಣ್ಣಿನ ಮೇಲೆ ಮಳೆಹನಿ ನೇರವಾಗಿ ಬಡಿದು ಗಟ್ಟಿ ಪದರ ಕಟ್ಟಿತು. ನೀರು ಒಳಗಿಳಿಯದೆ ಮೇಲಿಂದಲೇ ಜಾರಿ ಹೊಳೆ ಸೇರಿತು. ಅಂಕಿಯಲ್ಲಿ ಹರಿವು ಹೆಚ್ಚು, ಆದರೆ ಅದು ಕೆಲವೇ ಗಂಟೆಗಳ ಪ್ರವಾಹ, ಮಣ್ಣನ್ನೂ ಹೊತ್ತೊಯ್ಯುವ ನೀರು.

ಬೆಣ್ಣೆಹಳ್ಳದ ದಂಡೆಯ ಜನರಿಗೆ ಇದು ಹೊಸದಲ್ಲ. ಶಿಗ್ಗಾವಿ ತಾಲ್ಲೂಕಿನ ದುಂಡಶಿ ಕಡೆ ಹುಟ್ಟಿ, ಹುಬ್ಬಳ್ಳಿಯ ಬದಿಯಿಂದ ನವಲಗುಂದದ ಎರೆಬಯಲಿಗೆ ಇಳಿದು, ತುಪ್ಪರಿಹಳ್ಳವನ್ನು ಕೂಡಿಸಿಕೊಂಡು ಮಲಪ್ರಭೆಯನ್ನು ಸೇರುವ ಈ ಹಳ್ಳ ವರ್ಷದ ಬಹುಕಾಲ ಒಣಗಿರುತ್ತದೆ, ಬಂದರೆ ಊರಿಗೇ ನುಗ್ಗುತ್ತದೆ. 2018ರಲ್ಲಿ ಬರದಿಂದ ಬಳಲಿದ ಈ ಭಾಗದ ಹೊಳೆಸಾಲಿನ ಊರುಗಳು 2019ರ ಆಗಸ್ಟ್‌ನಲ್ಲಿ ನೆರೆಗೆ ಸಿಕ್ಕವು. ಆ ನೆರೆಗೆ ಅಸಾಧಾರಣ ಮಳೆ, ಮಲಪ್ರಭಾ ಜಲಾಶಯದಿಂದ ಬಿಟ್ಟ ನೀರು ಮುಖ್ಯ ಕಾರಣಗಳು. ಆದರೆ ಪ್ರತಿ ವರ್ಷದ ಸಣ್ಣ ಸಣ್ಣ ನುಗ್ಗುನೀರಿಗೆ ಮೇಲ್ಭಾಗದ ಹೊದಿಕೆಯಿಲ್ಲದ ನೆಲವೂ ಕಾರಣ. ಎರೆಮಣ್ಣು ಒಮ್ಮೆ ನೆನೆದು ಉಬ್ಬಿದರೆ ಬಿರುಕು ಮುಚ್ಚಿ, ನೀರು ಒಳಗಿಳಿಯುವ ವೇಗ ತೀರಾ ಇಳಿಯುತ್ತದೆ. ಮೇಲೆ ಹುಲ್ಲಾಗಲಿ ಬೆಳೆಯಾಗಲಿ ಇಲ್ಲದಿದ್ದರೆ ಆಮೇಲಿನ ಮಳೆ ನಿಲ್ಲುವುದೇ ಇಲ್ಲ.

ಸಸ್ಯ ಒಂದು ಕಡೆ ನೀರನ್ನು ಖರ್ಚು ಮಾಡುತ್ತದೆ, ಇನ್ನೊಂದು ಕಡೆ ನೀರಿಗೆ ಒಳಗಿಳಿಯುವ ದಾರಿ ಮಾಡುತ್ತದೆ. ಬೇರು ಕೊಳೆತು ಉಳಿಯುವ ತೂತುಗಳು, ಎರೆಹುಳು ಮತ್ತು ಗೆದ್ದಲು ಕೊರೆದ ಸುರಂಗಗಳು, ತರಗೆಲೆಯ ಹಾಸು, ಇವೆಲ್ಲ ಮಳೆಯನ್ನು ತಡೆದು ಕೆಳಗೆ ಕಳುಹಿಸುತ್ತವೆ. ಉತ್ತರ ಕನ್ನಡದ ಘಟ್ಟಗಳಲ್ಲಿ ನಡೆದ ಅಳತೆಗಳಲ್ಲಿ, ಸವೆದ ಬೋಳುನೆಲಕ್ಕಿಂತ ಸಹಜ ಕಾಡಿನ ನೆಲ ಎಷ್ಟೋ ವೇಗವಾಗಿ ನೀರು ಕುಡಿಯುವುದು ಕಂಡುಬಂದಿದೆ. ಒಳಗಿಳಿಸುವ ಲಾಭ ಹೆಚ್ಚೋ, ಕುಡಿಯುವ ಖರ್ಚು ಹೆಚ್ಚೋ ಎಂಬುದರ ಮೇಲೆ ಬೇಸಿಗೆಯ ಹರಿವು ನಿಂತಿದೆ. ಮಲೆನಾಡಿನಲ್ಲಿ ಮಳೆ ಎಷ್ಟು ಸಮೃದ್ಧವೆಂದರೆ, ಕಾಡು ಕುಡಿದೂ ಮಿಗುತ್ತದೆ. ಗದಗಿನಂಥ ಕಡೆ ಮಿಗುವುದು ಕಡಿಮೆ, ಆದ್ದರಿಂದ ಯಾವ ಗಿಡ, ಎಷ್ಟು ಒತ್ತಾಗಿ ಎಂಬ ಪ್ರಶ್ನೆ ಇಲ್ಲಿ ಹೆಚ್ಚು ಸೂಕ್ಷ್ಮ. ಪಶ್ಚಿಮ ಆಫ್ರಿಕಾದ ಬುರ್ಕಿನಾ ಫಾಸೋದಲ್ಲಿ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನವೊಂದು ನಮ್ಮಂಥ ಒಣನಾಡಿಗೆ ಹತ್ತಿರವಾಗಿದೆ. ಅಲ್ಲಿ ಮರವೇ ಇಲ್ಲದ ನೆಲಕ್ಕಿಂತಲೂ, ಮರ ಒತ್ತಾಗಿರುವ ನೆಲಕ್ಕಿಂತಲೂ, ಅಲ್ಲಲ್ಲಿ ಮರಗಳಿರುವ ನೆಲದಲ್ಲಿ ಅಂತರ್ಜಲ ಮರುಪೂರಣ ಹೆಚ್ಚಾಗಿತ್ತು. ಹೊಲದ ಬದುವಿನಲ್ಲಿ ನಾಲ್ಕಾರು ಬೇವು, ಬನ್ನಿ, ಹುಣಸೆ ಬಿಟ್ಟು ನಡುವೆ ಜೋಳ ಬಿತ್ತುತ್ತಿದ್ದ ನಮ್ಮ ಹಳೆಯ ಪದ್ಧತಿ ಇದಕ್ಕೆ ಬಹಳ ಹತ್ತಿರದ್ದು. ಟ್ರ್ಯಾಕ್ಟರ್ ತಿರುಗುವುದಿಲ್ಲವೆಂದು ಆ ಮರಗಳನ್ನು ಕಡಿಯುತ್ತಾ ಬಂದಿದ್ದೇವೆ.

ಬೆಳೆಯೂ ಸಸ್ಯವೇ

ಕಾಡು, ನೆಡುತೋಪುಗಳ ಬಗ್ಗೆ ಮಾತನಾಡುವಾಗ ನಾವೇ ಬಿತ್ತಿದ್ದನ್ನು ಮರೆಯುತ್ತೇವೆ. ಮಲಪ್ರಭೆ ಖಾನಾಪುರ ತಾಲ್ಲೂಕಿನ ಕಣಕುಂಬಿಯ ಮಳೆಕಾಡಿನಲ್ಲಿ ಹುಟ್ಟುತ್ತದೆ. ಸವದತ್ತಿ ಹತ್ತಿರದ ನವಿಲುತೀರ್ಥದ ಜಲಾಶಯದಿಂದ ಹುಬ್ಬಳ್ಳಿ-ಧಾರವಾಡಕ್ಕೆ ಕುಡಿಯುವ ನೀರು ಬರುತ್ತದೆ. ಈ ಮೂಲಕ್ಕೂ ಜಲಾಶಯಕ್ಕೂ ನಡುವಿನ ನೆಲದಲ್ಲಿ ಕಬ್ಬು ಬಹಳ ಹಬ್ಬಿದೆ, ಕೊಳವೆಬಾವಿಗಳೂ ಅಷ್ಟೇ. ಜೋಳದ ಬೇರು ಒಂದೂವರೆ ಎರಡು ಮೀಟರ್ ಇಳಿದರೆ ಹೆಚ್ಚು. ಕಬ್ಬಿಗೆ ನಾವು ನೂರಾರು ಅಡಿ ಉದ್ದದ ಉಕ್ಕಿನ ಬೇರನ್ನು ಜೋಡಿಸಿದ್ದೇವೆ. ಮಳೆಯಾಶ್ರಿತ ಬೆಳೆ ಬರದಲ್ಲಿ ಒಣಗಿ ನೀರಿನ ಬಳಕೆಯನ್ನು ನಿಲ್ಲಿಸುತ್ತದೆ. ಕೊಳವೆಬಾವಿಯ ಕಬ್ಬು ವರ್ಷವಿಡೀ ಬಳಸುತ್ತದೆ, ಬರ ಹೆಚ್ಚಿದಷ್ಟೂ ಹೆಚ್ಚು ಬಳಸುತ್ತದೆ.

ಮಹದಾಯಿ ನ್ಯಾಯಮಂಡಳಿ 2018ರ ಆಗಸ್ಟ್‌ನಲ್ಲಿ ಮಹದಾಯಿ ನದಿಯ ಕಳಸಾ ಮತ್ತು ಬಂಡೂರಿ ಹಳ್ಳಗಳಿಂದ ಮಲಪ್ರಭೆಗೆ ತಿರುಗಿಸಲು ಕೊಟ್ಟದ್ದು 3.9 ಟಿಎಂಸಿ (ಶತಕೋಟಿ ಘನ) ಅಡಿ. ಈ ಅಂಕಿ ನಮ್ಮ ಭಾಗದ ಮಕ್ಕಳಿಗೂ ಬಾಯಿಪಾಠ. ಅದಕ್ಕಾಗಿ ನರಗುಂದ, ನವಲಗುಂದದ ರೈತರು ಬೀದಿಯಲ್ಲಿ ಕಳೆದ ದಿನಗಳನ್ನು ನಾನು ಗೌರವದಿಂದ ನೆನೆಯುತ್ತೇನೆ. ಆ ನೀರು ಬರಬೇಕು. ಆದರೆ ಈ ಪ್ರಮಾಣವನ್ನು ಇನ್ನೊಂದು ರೀತಿಯಲ್ಲಿಯೂ ನೋಡಬಹುದು. ಮಲಪ್ರಭೆಯ ಇಡೀ ಕಣಿವೆ ಸುಮಾರು 11,549 ಚದರ ಕಿಲೋಮೀಟರ್. 3.9 ಟಿಎಂಸಿ ನೀರನ್ನು ಅದರ ಮೇಲೆ ಸಮನಾಗಿ ಹರಡಿದರೆ 10 ಮಿಲಿಮೀಟರಿಗೂ ಕಡಿಮೆ. ಬೇಸಿಗೆಯಲ್ಲಿ ನೀರುಂಡು ನಿಂತ ಕಬ್ಬಿನ ಗದ್ದೆಯಿಂದ ದಿನಕ್ಕೆ ಐದಾರು ಮಿ.ಮೀ. ನೀರು ಆವಿಯಾಗುತ್ತದೆ. ಅಂದರೆ ಕಣಿವೆಯ ಹೊದಿಕೆ ವರ್ಷಕ್ಕೆ ಬಳಸುವ ನೀರಿನಲ್ಲಿ ಸರಾಸರಿ 10 ಮಿ.ಮೀ. ವ್ಯತ್ಯಾಸವಾದರೆ, ನಾವು ದಶಕಗಟ್ಟಲೆ ಹೋರಾಡಿದ ಪ್ರಮಾಣದಷ್ಟು ನೀರು ಸದ್ದಿಲ್ಲದೆ ಬರಬಹುದು ಅಥವಾ ಹೋಗಬಹುದು. ಈ ಲೆಕ್ಕವನ್ನು ಯಾವ ಸಭೆಯಲ್ಲಿಯೂ ಚರ್ಚಿಸದಿರುವುದು ನನಗೆ ಬಹಳ ಚಿಂತೆಯ ವಿಷಯವಾಗಿ ಕಾಣುತ್ತದೆ.

ಹೊದಿಕೆಗೂ ಹರಿವಿಗೂ ಇರುವ ನಂಟಿನ ಅಧ್ಯಯನಕ್ಕೆ ಹುಬ್ಬಳ್ಳಿ-ಧಾರವಾಡ ಇರುವ ಜಾಗವೇ ಹೇಳಿ ಮಾಡಿಸಿದಂತಿದೆ. ಇದು ನೀರು ಎರಡಾಗಿ ಒಡೆಯುವ ದಿಣ್ಣೆ. ಪೂರ್ವಕ್ಕೆ ಬಿದ್ದ ಮಳೆ ಬೆಣ್ಣೆಹಳ್ಳ, ತುಪ್ಪರಿಹಳ್ಳಗಳ ಮೂಲಕ ಮಲಪ್ರಭೆ, ಕೃಷ್ಣೆಯನ್ನು ಸೇರಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಧಾರವಾಡದ ಸೋಮೇಶ್ವರದಲ್ಲಿ ಹುಟ್ಟುವ ಶಾಲ್ಮಲೆ ಬೇಡ್ತಿಯನ್ನು ಸೇರಿ ಅರಬ್ಬಿ ಸಮುದ್ರದ ಕಡೆ ಹೋಗುತ್ತದೆ. ಒಂದು ಬದಿ ಎರೆಬಯಲು ಮತ್ತು ಬೆಳೆ, ಇನ್ನೊಂದು ಬದಿ ಮಸಾರಿ (ಕೆಂಪು) ಮಣ್ಣು ಮತ್ತು ಎಲೆ ಉದುರುವ ಕಾಡು. ಎರಡೂ ಕಡೆಯ ಸಣ್ಣ ಹಳ್ಳಗಳಲ್ಲಿ ಹರಿವಿನ ಅಳತೆಪಟ್ಟಿ ನೆಟ್ಟು, ಪಕ್ಕದಲ್ಲೇ ಮಳೆಮಾಪಕ ಇಟ್ಟು, ದಂಡೆಯ ಬಾವಿಗಳ ನೀರಿನ ಮಟ್ಟವನ್ನು ಮಳೆಗಾಲದ ಮುಂಚೆಯೂ ನಂತರವೂ ಬರೆದಿಟ್ಟರೆ, ಮುಂದಿನ ಸಾಲು ಬರ ಬಂದಾಗ ಯಾವ ಹೊದಿಕೆಯ ಹಳ್ಳ ಬೇಗ ಚೇತರಿಸಿಕೊಂಡಿತು ಎಂಬುದು ನಮ್ಮದೇ ಅಂಕಿಗಳಿಂದ ತಿಳಿಯುತ್ತದೆ. ಇದು ಗ್ರಾಮ ಪಂಚಾಯಿತಿ ಮತ್ತು ಪ್ರೌಢಶಾಲೆಯ ಮಕ್ಕಳು ಕೂಡಿ ಮಾಡಬಹುದಾದ ಕೆಲಸ. ಹಳ್ಳ ಮೊದಲು ಹರಿದ ದಿನ, ಕೊನೆಗೆ ನಿಂತ ದಿನ, ಅಲ್ಲಿಯವರೆಗೆ ಬಿದ್ದ ಮಳೆ, ಇವಿಷ್ಟು ಇದ್ದರೂ ಹೋಲಿಕೆ ಮಾಡಬಹುದು.

ಅಷ್ಟರವರೆಗೆ ಕಾಯಬೇಕಿಲ್ಲದ ಕೆಲಸಗಳೂ ಇವೆ. ಹಳ್ಳಗಳ ಮೂಲದ ದಿಣ್ಣೆಗಳಲ್ಲಿ ಒತ್ತಾದ ಏಕಜಾತಿಯ ತೋಪುಗಳನ್ನು ಬೆಳೆಸಬಾರದು. ಅಲ್ಲಿ ಹುಲ್ಲು, ಪೊದೆ, ಎಲೆ ಉದುರಿಸುವ ನಮ್ಮ ನೆಲದ ಮರಗಳು ಬಿಡಿಬಿಡಿಯಾಗಿ ಇರಲಿ. ಕಪ್ಪತಗುಡ್ಡದಂಥ ಕುರುಚಲು ಕಾಡನ್ನು ‘ಬರಡು’ ಎಂದು ಬಗೆದು ಮರ ತುಂಬಲು ಹೋಗಬಾರದು, ಅದನ್ನು ಬೆಂಕಿಯಿಂದಲೂ ಅತಿ ಮೇಯಿಸುವಿಕೆಯಿಂದಲೂ ಕಾಯ್ದರೆ ಸಾಕು. ಎರೆಹೊಲದಲ್ಲಿ ಮುಂಗಾರಿಯ ಹೆಸರುಕಾಳು ಬಿತ್ತಿದರೆ ಜೋರುಮಳೆಯ ಹೊತ್ತಿಗೆ ನೆಲ ಬರಿದಾಗಿರುವುದಿಲ್ಲ. ಹಳ್ಳದ ಪಾತ್ರದ ಬಳ್ಳಾರಿ ಜಾಲಿಯನ್ನು ತೆಗೆಯುವಾಗ ಮಾತ್ರ ಅವಸರ ಬೇಡ. ಬುಡಸಮೇತ ಕಿತ್ತು ದಂಡೆಯನ್ನು ಬೋಳು ಬಿಟ್ಟರೆ ಮೊದಲ ನೆರೆಗೇ ದಂಡೆ ಕುಸಿಯುತ್ತದೆ. ಬರೇ ಕಡಿದು ಬಿಟ್ಟರೆ ಬುಡದಿಂದ ಹತ್ತು ಚಿಗುರು ಬಂದು ಮೊದಲಿಗಿಂತ ಒತ್ತಾಗುತ್ತದೆ. ಆದ್ದರಿಂದ ಒಂದು ಬದಿಯಿಂದ ತುಂಡು ತುಂಡಾಗಿ ತೆಗೆಯುತ್ತಾ, ತೆಗೆದ ಕಡೆ ಮುಂಗಾರಿಗೆ ಮುಂಚೆಯೇ ಹುಲ್ಲಿನ ಬುಡಗಳನ್ನೂ ಹೊಂಗೆಯ ಸಸಿಗಳನ್ನೂ ಊರುತ್ತಾ ಹೋಗಬೇಕು. ಆ ತುಂಡಿನ ಹುಲ್ಲು ಒಂದು ಮಳೆಗಾಲ ಕಂಡು ಬೇರು ಹಿಡಿದ ಮೇಲೆ ಮುಂದಿನ ತುಂಡಿಗೆ ಕೈ ಹಚ್ಚಬೇಕು.